ಒಲೆಯ ಮೇಲಿನ ತಗಡು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೇಲಕ್ಕೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಕಳೆದ ತಿಂಗಳು ಹರಪನಹಳ್ಳಿಗೆ, ಗೆಳತಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಅವಳು ಕೈ ಹಿಡಿದು ಕರೆದುಕೊಂಡು ಹೋಗಿ ನೆಲದ ಕಲ್ಲು ತೋರಿಸಿದಳು, ಷೋಕೇಸು ತೋರಿಸಿದಳು, ದೇವರ ಮನೆಯ ಬಾಗಿಲಿನ ಗಂಟೆಗಳನ್ನು ಒಂದೊಂದಾಗಿ ಬಾರಿಸಿಯೂ ತೋರಿಸಿದಳು. ನಾನು ಕತ್ತೆತ್ತಿಕೊಂಡೇ ನಿಂತಿದ್ದೆ.

"ಯಾಕೆ, ಹಲ್ಲಿ ಐತಾ?" ಎಂದಳು.

"ಇಲ್ಲ. ಮ್ಯಾಲ ಏನ್ ಹಾಕಿಸೀರಿ?"

"ಫ್ಯಾನ್ ಐತಲ್ಲ."

"ಫ್ಯಾನಿನ ಮ್ಯಾಲ?"

"ಸ್ಲ್ಯಾಬು."

"ಸ್ಲ್ಯಾಬಿನ ಮ್ಯಾಲ?"

"ಸೂರ್ಯ ಅದಾನೆ. ಊಟಕ್ಕೆ ಬಾ ಸುಮ್ನೆ."

ಊಟಕ್ಕೆ ಹೋಗುವ ದಾರಿಯಲ್ಲೇ ಅಡುಗೆಮನೆ. ಅಲ್ಲಿ ಸ್ಲ್ಯಾಬೂ ಇರಲಿಲ್ಲ, ಶೀಟು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಸಹಜವಾಗಿ, "ಹಿಂದಿಂದಲ್ಲವೇನೇ, ಯಾರಿಗೆ ಕಾಣ್ತೈತಿ?" ಎಂದಳು. ಹೋಳಿಗೆ ಚೆನ್ನಾಗಿತ್ತು. ಆದರೆ ನನಗೆ ಇಳಿಯಲಿಲ್ಲ. ಆ ಹೋಳಿಗೆ ಬೇಯಿಸಿದವರು ಹಿಂದೆ, ಶೀಟಿನ ಕೆಳಗೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ತಿನ್ನುವ ನಾವು ಮುಂದೆ, ಫ್ಯಾನಿನ ಕೆಳಗೆ ಕುಳಿತಿದ್ದೆವು.

ಈ ಅಭ್ಯಾಸ ನನಗೆ ಅಂಟಿದ್ದು ಕೊಟ್ಟೂರಿನ ನಮ್ಮ ಮನೆಯಲ್ಲಿ, ತೊಂಬತ್ತೆಂಟರ ಬೇಸಿಗೆಯಲ್ಲಿ. ಆಗ ನಾನು ಡಿಗ್ರಿ ಮೊದಲನೇ ವರ್ಷ. ಕಾನಹೊಸಹಳ್ಳಿಯ ಗೊಬ್ಬರದ ಅಂಗಡಿಯೊಂದರಿಂದ ನಮಗೆ ಒಂದು ಉದ್ದನೆಯ ಪಟ್ಟಿ ಬಂದಿತ್ತು. ಮೇಲೆ ದೇವರ ಚಿತ್ರ, ಕೆಳಗೆ ಯೂರಿಯಾದ ಜಾಹೀರಾತು, ನಡುವೆ ಒಂದು ಥರ್ಮಾಮೀಟರು. ಬೇರೆಯವರು ಅದನ್ನು ಗೋಡೆಗೆ ಹಾಕಿ ಮರೆತುಬಿಡುತ್ತಿದ್ದರು. ನನಗೆ ಮೊದಲಿನಿಂದಲೂ ಬರೆದಿಡುವ ಚಟ. ಎಷ್ಟನೇ ತಾರೀಖು ನಲ್ಲಿ ನೀರು ಬಂತು, ಕುರುವತ್ತಿ ಬಸ್ಸು ಎಷ್ಟು ನಿಮಿಷ ತಡ, ಮೇಷ್ಟ್ರು ಒಂದು ತಾಸಿನಲ್ಲಿ ಎಷ್ಟು ಸಲ "ಆಯ್ತಾ?" ಅಂದರು, ಎಲ್ಲವೂ ನನ್ನ ಡೈರಿಯಲ್ಲಿದ್ದವು. ಇಂಥವಳ ಕೈಗೆ ಥರ್ಮಾಮೀಟರು ಸಿಕ್ಕರೆ ಬಿಟ್ಟಾಳೇ? ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಅದನ್ನು ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದೆ. ಒಂದೊಂದು ಕೋಣೆಯಲ್ಲಿ ಹತ್ತು ನಿಮಿಷ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬಂದ: "ನಮ್ಮ ಹುಡುಗಿ ಮನಿಗೆ ಜ್ವರ ನೋಡಾಕತ್ತ್ಯಾಳ್ರೀ."

ಜ್ವರವಂತೂ ಇತ್ತು.

ನಮ್ಮದು ಮೊದಲು ಮಾಳಿಗೆಯ ಮನೆ. ತೊಲೆ, ಜಂತೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮೊಳ ದಪ್ಪ ಮಣ್ಣು, ಎಲ್ಲಕ್ಕೂ ಮೇಲೆ ಚೌಳು. ಚೌಳು ಎಂದರೆ ಹಳ್ಳದ ದಂಡೆಯಲ್ಲಿ ಬೆಳ್ಳಗೆ ಉಪ್ಪು ಕಾರಿ ನಿಲ್ಲುವ ಮಣ್ಣು. ಬೆಳೆಗೆ ಬಾರದ್ದು, ಆದರೆ ನೀರನ್ನು ಒಳಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲು ಓಣಿಯ ಪ್ರತಿ ಮನೆಯ ಮೇಲೂ ಹೊಸ ಚೌಳು ಬೀಳಬೇಕು. ಮೇ ತಿಂಗಳ ಕೊನೆಯ ವಾರ ಓಣಿಯ ತುಂಬ ಕತ್ತೆ, ಕತ್ತೆಯ ಬೆನ್ನ ಮೇಲೆ ಚೀಲ, ಮಾಳಿಗೆಯ ಮೇಲೆ ಜನ. ಚೌಳು ಹಾಕಿಸದ ಮನೆಯವರನ್ನು ಹಲ್ಲುಜ್ಜದೆ ಹೊರಬಿದ್ದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ತೊಂಬತ್ತೇಳರಲ್ಲಿ ಅಪ್ಪ ಪಡಸಾಲೆಯ ಮಾಳಿಗೆ ಕೆಡವಿಸಿ ಆರ್‌ಸಿಸಿ ಹಾಕಿಸಿದ್ದ. ಅಪ್ಪನದು ಬಟ್ಟೆ ಅಂಗಡಿ. ಮುಂಭಾಗ ಚೆನ್ನಾಗಿರಬೇಕು ಎನ್ನುವುದು ಅವನ ಕಸುಬಿನ ಧರ್ಮ. ಥಾನಿನ ಹೊರಗಿನ ಮಡಿಕೆ ಹೊಳೆಯುತ್ತಿದ್ದರೆ ಸಾಕು, ಗಿರಾಕಿ ಅರ್ಧ ಒಪ್ಪಿದ ಹಾಗೆ. ಪಡಸಾಲೆಗೆ ಸ್ಲ್ಯಾಬು ಬಿತ್ತು, ಗೋಡೆಗೆ ನೀಲಿ ಡಿಸ್ಟೆಂಪರು ಬಿತ್ತು. ಮೇ ಬಂತು. ಓಣಿಗೆ ಕತ್ತೆಗಳು ಬಂದವು. ಅಪ್ಪ ಒಂದು ಕ್ಷಣವೂ ಯೋಚಿಸದೆ, ಎಂದಿನಂತೆ, ಇಪ್ಪತ್ತು ಚೀಲ ಚೌಳು ತರಿಸಿ ಆ ಹೊಸ ಸ್ಲ್ಯಾಬಿನ ಮೇಲೆ ಹರಡಿಸಿಬಿಟ್ಟ. ನಗಬೇಡಿ. ಆ ವರ್ಷ ನಮ್ಮ ಓಣಿಯಲ್ಲಿ ಸ್ಲ್ಯಾಬು ಹಾಕಿಸಿದ ನಾಲ್ಕು ಮನೆಗಳಲ್ಲಿ ಮೂರರ ಮೇಲೆ ಚೌಳು ಬಿದ್ದಿತ್ತು. ನಾನು ಎಣಿಸಿದ್ದೇನೆ.

ಮೊದಲ ದೊಡ್ಡ ಮಳೆಗೆ ಚೌಳು ಕರಗಿ ನೀಲಿ ಗೋಡೆಯ ಮೇಲೆ ಇಳಿಯಿತು. ಗೌಂಡಿ ಹಾಲಪ್ಪ ಬಂದು ನೋಡಿ ತಲೆ ಚಚ್ಚಿಕೊಂಡ. ಸ್ಲ್ಯಾಬು ಹಾಕಿದವನು ಅವನೇ.

"ಯಜಮಾನ್ರ, ಇದು ಉಪ್ಪಿನ ಮಣ್ಣು. ಒಳಗ ಕಬ್ಬಿಣ ಐತಿ. ಉಪ್ಪು ಇಳೀತಂದ್ರ ಸಲಾಕಿ ಉಬ್ಬಿ ಗಾರಿ ಉದುರತೈತ್ರಿ. ಯಾರ್ ಹೇಳಿದ್ರು ನಿಮಗ?"

"ಹೇಳೋದೇನ್ ಬಂತೋ? ಮೇ ತಿಂಗಳಾಗ ಚೌಳು ಹಾಕಬೇಕಲ್ಲ!" ಎಂದ ಅಪ್ಪ.

ಚೌಳು ಕೆರೆದು ತೆಗೆದರು. ಎಲ್ಲರೂ ಅಪ್ಪನನ್ನು ನೋಡಿ ನಕ್ಕರು. ಮುಂದಿನ ಬೇಸಿಗೆಯಲ್ಲಿ ಥರ್ಮಾಮೀಟರು ಹಿಡಿದು ನಿಂತಾಗ ನನಗೆ ಬೇರೆಯದೇ ಹೊಳೆಯಿತು. ಮಾಳಿಗೆ ಉಳಿದಿದ್ದ ನಡುಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಮೂವತ್ತಮೂರು. ಬರೀ ಸ್ಲ್ಯಾಬಿನ ಪಡಸಾಲೆಯಲ್ಲಿ ಮೂವತ್ತೊಂಬತ್ತು. ಅಪ್ಪ ಹಾಕಿಸಿದ ಮಣ್ಣಿನ ಜಾತಿ ತಪ್ಪು, ಹಾಕಿಸಿದ ಕಾರಣವೂ ತಪ್ಪು. ಆದರೆ ಬಿಸಿಲಿಗೂ ಮನುಷ್ಯನ ನೆತ್ತಿಗೂ ನಡುವೆ ಏನಾದರೂ ದಪ್ಪನೆಯದು ಇರಬೇಕು ಎನ್ನುವ ಬುದ್ಧಿ ಆ ಇಪ್ಪತ್ತು ಚೀಲಗಳಲ್ಲಿ ಇತ್ತು. ನಾವು ಮಣ್ಣನ್ನು ಕೆರೆಯುವಾಗ ಆ ಬುದ್ಧಿಯನ್ನೂ ಕೆರೆದು ಬಿಸಾಕಿದ್ದೆವು.

ಮನೆಯ ಮಿಕ್ಕ ಭಾಗಗಳ ವಿಷಯ ಹೇಳಿಬಿಡುತ್ತೇನೆ, ನನ್ನ ಡೈರಿಯಲ್ಲಿ ಒಂದೊಂದಕ್ಕೂ ಒಂದೊಂದು ಪುಟವಿದೆ. ಎಲ್ಲಕ್ಕಿಂತ ತಣ್ಣಗಿದ್ದದ್ದು ನಡುಮನೆಯ ಪಕ್ಕದ ಸಣ್ಣ ಕೋಣೆ. ಯಾಕೆಂದು ಬಹಳ ದಿನ ತಿಳಿಯಲಿಲ್ಲ. ಅದರ ಅಟ್ಟದ ತುಂಬ ಅವ್ವ ಕೌದಿಗಳನ್ನು ಒಟ್ಟಿದ್ದಳು; ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಹನ್ನೊಂದು ಕೌದಿ. ಚಳಿಗೆಂದು ಹೊಲಿದವು ಬೇಸಿಗೆಯಲ್ಲಿ ಅಟ್ಟದ ಮೇಲೆ ಮಲಗಿ ಬಿಸಿಲನ್ನು ತಡೆಯುತ್ತಿದ್ದವು. ಬಚ್ಚಲಿಗೆ ಏನೂ ಬೇಡ ಎಂದು ಬರೆದಿದ್ದೇನೆ. ಅದರ ತಗಡು ಕಾದರೆ ಲಾಭವೇ, ಮೂರು ಗಂಟೆಗೆ ಹಂಡೆಗೆ ಉರಿ ಹಾಕದೆ ಬಿಸಿನೀರು. ಮಾಳಿಗೆಗೆ ಮಣ್ಣು, ಸ್ಲ್ಯಾಬಿಗೆ ಗಾಳಿ ಹಿಡಿದಿಟ್ಟ ಯಾವುದಾದರೂ ವಸ್ತು, ಪಶ್ಚಿಮದ ಗೋಡೆಗೆ ಜೋಳದ ಸೊಪ್ಪೆಯ ತಡಿಕೆ. ಹೀಗೆ ಬರೆಯುತ್ತ ಹೋದೆ. ಹತ್ತೊಂಬತ್ತು ವರ್ಷದವಳು ಮನೆಗೆಲ್ಲ ಔಷಧಿ ಚೀಟಿ ಬರೆಯುವುದನ್ನು ನೆನೆದರೆ ಈಗ ನನಗೇ ನಗು ಬರುತ್ತದೆ.

ನಗು ಬರದ ಪುಟ ಒಂದೇ, ಅಡುಗೆಮನೆಯದು.

ಅಡುಗೆಮನೆ ಮನೆಯ ಹಿಂದಕ್ಕೆ ಚಾಚಿ ಕಟ್ಟಿದ ಜಾಗ. ಮೇಲೆ ತಗಡು, ಕೆಳಗೆ ಕಟ್ಟಿಗೆ ಒಲೆ. ಅಲ್ಲಿ ಹತ್ತು ನಿಮಿಷ ಥರ್ಮಾಮೀಟರು ಹಿಡಿದು ನಿಲ್ಲಲು ನನಗೆ ಆಗುತ್ತಿರಲಿಲ್ಲ. ಮೊಳೆಗೆ ತೂಗುಹಾಕಿ ಹೊರಗೆ ಓಡುತ್ತಿದ್ದೆ. ಏಪ್ರಿಲ್ ಮೊದಲ ವಾರ, ಅಡುಗೆ ನಡೆಯುವ ಹೊತ್ತಿಗೆಂದೇ ನೋಡಿದ್ದು, ಹನ್ನೆರಡು ಗಂಟೆಗೆ ನಲವತ್ತಾರು. ಅವ್ವ ಮಾತ್ರ ಅಲ್ಲೇ, ಒಂದು ಮೊಣಕಾಲು ಎತ್ತಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಆ ವಾರ ನಾನು ಇನ್ನೊಂದು ಲೆಕ್ಕ ಶುರುಮಾಡಿದೆ. ಅವ್ವ ಎಷ್ಟು ಸಲ ರೊಟ್ಟಿ ಬಿಟ್ಟೆದ್ದು ಹೊರಗೆ ಬಂದು ಗೋಡೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಾಳೆ ಎಂಬುದು. ಸೋಮವಾರ ಮೂರು. ಮಂಗಳವಾರ ಮೂರು. ಬುಧವಾರ ಐದು. ಗುರುವಾರ ಅವಳು ಗೋಡೆ ಸಿಗದೆ ನೆಲಕ್ಕೆ ಕುಸಿದಳು, ಕೈ ರೊಟ್ಟಿ ಹಂಚಿಗೆ ತಾಗಿ ಅಂಗೈ ಬೊಬ್ಬೆ ಎದ್ದಿತು. ನಾನು ನೀರು ಚಿಮುಕಿಸಿದೆ. ಕಣ್ಣು ಬಿಟ್ಟವಳೇ, "ಹಂಚಿನ ಮ್ಯಾಲಿಂದು ಹೊತ್ತಿತು ನೋಡು" ಎಂದಳು.

ಅದೇ ವಾರ ಅಪ್ಪನಿಗೆ ಪಡಸಾಲೆಯ ಚಿಂತೆ ಹತ್ತಿತ್ತು. ಹಡಗಲಿಯಿಂದ ಬೀಗರು ಬರುವವರಿದ್ದರು. ಅಕ್ಕನನ್ನು ಕೊಟ್ಟ ಮನೆಯವರು. ಅವರು ಸೆಕೆಯಲ್ಲಿ ಬೆವರಬಾರದು. ಹಾಲಪ್ಪ ಒಂದು ಉಪಾಯ ಹೇಳಿದ. ಸ್ಲ್ಯಾಬಿನ ಮೇಲೆ ಮಣ್ಣಿನ ಕುಡಿಕೆಗಳನ್ನು ಬೋರಲು ಹಾಕಿ ಸಾಲಾಗಿ ಜೋಡಿಸಿ, ನಡುವೆ ಗಾರೆ ತುಂಬಿ, ಮೇಲೆ ಸುಣ್ಣ ಬಳಿದರೆ, ಕುಡಿಕೆಯೊಳಗಿನ ಗಾಳಿ ಬಿಸಿಲನ್ನು ಕೆಳಗೆ ಬಿಡುವುದಿಲ್ಲ. ತೆಲಿಗಿಯ ಕಡೆಯ ಕುಂಬಾರರೊಬ್ಬರ ಹತ್ತಿರ ಸೊಟ್ಟಾದ, ಮಾರಾಟಕ್ಕೆ ಬಾರದ ಕುಡಿಕೆ ಒಂದು ಗಾಡಿ ಇವೆ. ಒಂದು ಕೋಣೆಗೆ ಆಗುತ್ತವೆ.

ಒಂದು ಕೋಣೆಗೆ! ನಾನು ಡೈರಿ ತೆಗೆದುಕೊಂಡು ಅಪ್ಪನ ಮುಂದೆ ಕುಳಿತೆ. ಒಂದು ವಾರದಲ್ಲಿ ಪಡಸಾಲೆಯಲ್ಲಿ ಜನ ಇದ್ದದ್ದು ಒಂಬತ್ತು ತಾಸು, ಅದರಲ್ಲಿ ಐದು ತಾಸು ಅಪ್ಪನ ಮಧ್ಯಾಹ್ನದ ನಿದ್ದೆ. ಅಡುಗೆಮನೆಯಲ್ಲಿ ಅವ್ವ ಇದ್ದದ್ದು ಅರವತ್ತೊಂದು ತಾಸು. ಅಡುಗೆಮನೆಗೆ ಸ್ಲ್ಯಾಬು ಹಾಕಿಸಿ ಅದರ ಮೇಲೆ ಕುಡಿಕೆ ಇಡಿಸಬೇಕು ಎಂದೆ. ಅಪ್ಪ ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

"ಲೆಕ್ಕ ಸರಿ ಐತಿ, ತಂಗಿ. ತಿಳುವಳಿಕಿ ಸರಿ ಇಲ್ಲ. ಬೀಗರು ಬಂದ್ರ ಎಲ್ಲಿ ಕುಂದರತಾರ? ಅಡಿಗಿಮನ್ಯಾಗೇನು?"

"ಅವರು ವರ್ಷಕ್ಕ ಎರಡು ಸಲ ಬರ್ತಾರಪ್ಪ. ಅವ್ವ ದಿನಾ ಕುಂದರತಾಳ."

"ಒಲಿ ಮುಂದ ಕುಂತವರಿಗೆ ಸೆಕಿ ಆಗದ ಚಳಿ ಆಕ್ಕೈತೇನು?"

"ಒಲಿ ಸೆಕಿ ಒಲೀದು. ತಗಡಿನ ಸೆಕಿ ನಿಂದು."

ಹಾಗೆ ಅನ್ನಬಾರದಿತ್ತೋ ಏನೋ. ಇವತ್ತಿಗೂ ಅದನ್ನು ವಾಪಸು ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಅಪ್ಪ ಎದ್ದು ಅಂಗಡಿಗೆ ಹೋದ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವಳು ಮತ್ತೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ನನಗೆ ಅಪ್ಪನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂತು.

ಆಮೇಲೆ ನಾನೇ ಇಳಿದೆ. ತಗಡಿನ ಮೇಲೆ ಸೊಪ್ಪೆ ಹೊದಿಸೋಣ ಎಂದೆ. "ಒಲಿ ಮ್ಯಾಲ ಒಣಾ ಸೊಪ್ಪಿ! ನನ್ನ ಸುಡೋ ವಿಚಾರ ಐತೇನ ನಿಂದು?" ಎಂದಳು ಅವ್ವ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಬೇಳೆ ಬೇಯುವ ಹಬೆಯ ಜೊತೆ ಗೋಣಿಯ ಹಬೆಯೂ ಸೇರಿ ಒಳಗೆ ಇಡ್ಲಿ ಪಾತ್ರೆಯ ಹಾಗಾಯಿತು. ತಗಡಿಗೆ ಸುಣ್ಣ ಬಳಿದೆ, ಎರಡು ಡಿಗ್ರಿ ಇಳಿಯಿತು. ಎರಡೇ. ಕೊನೆಗೆ ಟಿವಿ ಅಂಗಡಿಯಿಂದ ಥರ್ಮಾಕೋಲಿನ ಹಲಗೆಗಳನ್ನು ಬೇಡಿ ತಂದು, ಸೈಕಲ್ ಪಂಕ್ಚರಿನ ಅಂಟು ಹಚ್ಚಿ, ತಗಡಿನ ಒಳಮೈಗೆ ಅಂಟಿಸಿದೆ. ಬೆಳ್ಳಗೆ ಆಸ್ಪತ್ರೆಯ ಹಾಗೆ ಕಾಣುತ್ತಿತ್ತು. ಒಂದು ದಿನ ಪೂರ್ತಿ ನಿಂತಿತು. ಮರುದಿನ ಹನ್ನೊಂದೂಕಾಲಕ್ಕೆ, ತಗಡು ಕಾದು, ಅಂಟು ಬಿಟ್ಟು, ನಡುವಿನ ಹಲಗೆ ನೇರ ಬೇಳೆಯ ಪಾತ್ರೆಗೆ ಬಿತ್ತು. ಇನ್ನೊಂದರ ಅಂಚು ಉರಿಗೆ ತಾಗಿ ಮುದುಡಿ ಓಣಿಯ ತುಂಬ ನಾತ. ಊಟಕ್ಕೆ ಬಂದ ಅಪ್ಪ ಪಾತ್ರೆಯಲ್ಲಿ ಇಣುಕಿ ನೋಡಿ, "ನಿನ್ನ ಲೆಕ್ಕ ಎಲ್ಲಾ ಸಾರಿನ್ಯಾಗ ಬಿತ್ತಲ್ಲವ್ವಾ" ಎಂದ. ಆ ದಿನದ ಡೈರಿಯಲ್ಲಿ ಮೂರೇ ಸಾಲು: ಬೇಳೆ ಅರ್ಧ ಸೇರು ನಷ್ಟ. ಉಷ್ಣಾಂಶ ನೋಡಲಿಲ್ಲ. ಬೆಂಕಿಯ ಹತ್ತಿರ ಥರ್ಮಾಕೋಲ್ ಎಂದೂ ಅಲ್ಲ.

ಕುಡಿಕೆ ಗಾಡಿ ಬಂತು. ಹಾಲಪ್ಪ ಪಡಸಾಲೆಯ ಮೇಲೆ ಜೋಡಿಸಿ, ಗಾರೆ ಹಾಕಿ, ಸುಣ್ಣ ಬಳಿದ. ಒಪ್ಪಿಕೊಳ್ಳಬೇಕು, ಕೆಲಸ ಚೆನ್ನಾಗಿತ್ತು. ಮೂವತ್ತೊಂಬತ್ತಿದ್ದದ್ದು ಮೂವತ್ತನಾಲ್ಕಕ್ಕೆ ಇಳಿಯಿತು. ಅಪ್ಪ ಬರಿಗಾಲಲ್ಲಿ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ.

ಬೀಗರು ಬರುವ ದಿನ, ಏಪ್ರಿಲ್ ಇಪ್ಪತ್ತಾರು, ಭಾನುವಾರ. ಅಪ್ಪ ಅವರನ್ನು ಕರೆತರಲು ಹತ್ತು ಗಂಟೆಗೇ ಬಸ್ ಸ್ಟ್ಯಾಂಡಿಗೆ ಹೋದ. ಅವನು ಓಣಿಯ ತಿರುವು ದಾಟಿದ್ದೇ ತಡ, ಅವ್ವ ಅಡುಗೆಮನೆಯಿಂದ ಪಂಪ್ ಸ್ಟೌ ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟಳು. ಮತ್ತೆ ಹೋಗಿ ಹಂಚು ತಂದಳು. ಜೋಳದ ಹಿಟ್ಟಿನ ಡಬ್ಬಿ, ಹಿಟ್ಟು ನಾದುವ ಕೊಣಮಿಗೆ, ನೀರಿನ ತಂಬಿಗೆ.

"ಅವ್ವಾ, ಏನ್ ಮಾಡಾಕತ್ತೀ?"

"ಕುರ್ಚಿ ಎಲ್ಲಾ ಅಡಿಗಿಮನ್ಯಾಗ ಹಾಕು."

"ಬೀಗರು..."

"ಅವರಿಗೇ ಹಾಕು ಅನ್ನಾಕತ್ತೀನಿ. ನಾಕು ಕುರ್ಚಿ, ಒಂದು ಟೀಪಾಯಿ. ಮೇಜಿನ ಮ್ಯಾಲಿನ ಹೂವಿನ ಬಟ್ಟಿನೂ ಹಾಸು, ಛಂದ ಕಾಣಲಿ."

ನಾನು ಹೊತ್ತೆ. ನಾಲ್ಕು ಕುರ್ಚಿ, ಒಂದು ಟೀಪಾಯಿ, ಹೂವಿನ ಬಟ್ಟೆ. ಅಷ್ಟು ಸಂತೋಷದಿಂದ ನಾನು ಯಾವ ಸಾಮಾನನ್ನೂ ಹೊತ್ತವಳಲ್ಲ.

ಅಪ್ಪ ಬೀಗರ ಜೊತೆ ಒಳಗೆ ಕಾಲಿಟ್ಟಾಗ ನೀಲಿ ಪಡಸಾಲೆಯಲ್ಲಿ ಸ್ಟೌ ಭರ್ರೆಂದು ಉರಿಯುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಣ್ಣಾರ, ಬರ್ರಿ ಅಕ್ಕಾರ. ಕೈಕಾಲ್ ತೊಳಕೊಳ್ರಿ. ಗಂಡಸರಿಗೆ ಒಳಗ ಕುರ್ಚಿ ಹಾಕೈತಿ."

"ಏನಿದು?" ಎಂದ ಅಪ್ಪ, ಹಲ್ಲು ಕಚ್ಚಿ.

"ಇಲ್ಲಿ ತಂಪೈತ್ರಿ. ಅದಕ್ಕ ಇಲ್ಲಿ ಮಾಡಾಕತ್ತೀನಿ" ಎಂದಳು ಅವ್ವ, ಕಣ್ಣೆತ್ತದೆ, ರೊಟ್ಟಿಯನ್ನು ಅರ್ಧ ಸುತ್ತು ತಿರುಗಿಸಿ.

ಬೀಗರ ಮುಂದೆ ಜಗಳವಾಡುವಂತಿಲ್ಲ. ಅಪ್ಪ, ಬೀಗರು, ಅವರ ತಮ್ಮ ಮೂವರೂ ಒಳಗೆ ಹೋಗಿ ತಗಡಿನ ಕೆಳಗೆ ಹೂವಿನ ಬಟ್ಟೆಯ ಸುತ್ತ ಕುಳಿತರು. ಒಲೆ ಕೂಡ ಹೊತ್ತಿಸಿರಲಿಲ್ಲ, ನೆನಪಿಡಿ. ಬೀಗಿತ್ತಿ ಮಾತ್ರ ಬಾಗಿಲಲ್ಲೇ ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು, ಅವ್ವನ ಅಂಗೈಯ ಬೊಬ್ಬೆಯ ಕಲೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲೇ ಕುಳಿತರು.

"ಸರೀರಿ, ನಾ ಬೇಯಿಸ್ತೀನಿ. ನೀವು ಬಡೀರಿ. ನಮ್ಮನ್ಯಾಗೂ ಶೀಟೇ. ನಾನೂ ಹೋಗಿ ಹಿಂಗ ಕುಂದರತೀನಿ ನೋಡ್ರಿ."

ಒಳಗೆ ಇಪ್ಪತ್ತು ನಿಮಿಷ ಮಾತು ಕೇಳಿಸಿತು. ಮಳೆ, ಬಸ್ಸು, ಶೇಂಗಾ. ಆಮೇಲೆ ಮಾತು ನಿಂತಿತು. ನಾನು ನೀರು ಕೊಡಲು ಹೋದಾಗ ಬೀಗರ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಅವರ ತಮ್ಮ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಬೀಗರು ಒಂದೇ ಗುಟುಕಿಗೆ ತಂಬಿಗೆ ಖಾಲಿ ಮಾಡಿ, ತಲೆ ಎತ್ತಿ ತಗಡು ನೋಡಿ, ಯಾವ ಕುಹಕವೂ ಇಲ್ಲದೆ ಕೇಳಿದರು:

"ಬೀಗರ, ದಿನಾ ಇಲ್ಲೇ ಏನ್ರಿ ಅಡಿಗಿ ಮಾಡೋದು?"

ಅಪ್ಪ ಕುತ್ತಿಗೆ ಒರೆಸಿಕೊಂಡ. ಅಂಗಡಿಯ ಥಾನಿನ ಹೊರಮಡಿಕೆಯನ್ನೇ ನಂಬಿ ಬದುಕಿದ ಮನುಷ್ಯ. ಗಿರಾಕಿಯೊಬ್ಬ ಒಳಮಡಿಕೆ ಬಿಚ್ಚಿ ನೋಡಿದ ಹಾಗಾಗಿತ್ತು ಅವನಿಗೆ.

ಬೀಗರು ಹೋದ ಮೇಲೆ ಅಪ್ಪ ಪಡಸಾಲೆಯ ಬಾಗಿಲಲ್ಲಿ ನಿಂತು ಹೇಳಿದ: "ಆತು. ಮಳಿಗಾಲ ಮುಗದ ಕೂಡ್ಲೆ ಅಡಿಗಿಮನಿಗೆ ಸ್ಲ್ಯಾಬು, ಕುಡಿಕಿ ಎಲ್ಲಾ ಹಾಕಿಸ್ತೀನಿ. ಈಗ ಸ್ಟೌ ಒಳಗ ಒಯ್ಯಿ."

"ಹಾಕಿಸ್ರಿ. ಹಾಕಿಸಿದ ದಿನಾ ಒಯ್ತೀನಿ."

ಒಯ್ಯಲಿಲ್ಲ. ಆ ಬೇಸಿಗೆ, ಆ ಮಳೆಗಾಲ, ಪಡಸಾಲೆಯೇ ಅಡುಗೆಮನೆ. ನೀಲಿ ಡಿಸ್ಟೆಂಪರಿನ ಮೇಲೆ ಒಗ್ಗರಣೆಯ ಹಳದಿ ಕೂತಿತು. ಬಂದವರು ಮೂಗು ಮುರಿದರು, ಕೆಲವರು ಅಪ್ಪನ ಹತ್ತಿರ ಹೇಳಿಯೂ ಹೋದರು. ಅವ್ವ ಅವರಿಗೂ ರೊಟ್ಟಿ ಹಾಕಿದಳು. ನನ್ನ ಇನ್ನೊಂದು ಲೆಕ್ಕದ ಪುಟದಲ್ಲಿ, ಗೋಡೆ ಹಿಡಿದು ನಿಂತ ಪುಟದಲ್ಲಿ, ಏಪ್ರಿಲ್ ಇಪ್ಪತ್ತಾರರ ಆಚೆ ಬರೀ ಸೊನ್ನೆ. ಹೆಂಗಸರು ಪಡಸಾಲೆಯಲ್ಲಿ ಅಡುಗೆ ಮಾಡಿದರೆ ಮನೆತನಕ್ಕೆ ಕುಂದು ಎಂದು ನನಗೆ ಯಾರಾದರೂ ಹೇಳಿದರೆ ಆ ಸೊನ್ನೆಗಳನ್ನು ಅವರ ಮುಂದೆ ಹಿಡಿಯುತ್ತೇನೆ.

ಕಾರ್ತಿಕದಲ್ಲಿ ತಗಡು ಇಳಿಯಿತು, ಸ್ಲ್ಯಾಬು ಬಿತ್ತು, ಡಿಸೆಂಬರಿನಲ್ಲಿ ಕುಡಿಕೆ ಬಂದವು. ಈ ಸಲ ಹೆಚ್ಚು ಗಾಳಿ ಹಿಡಿಯುವ ದೊಡ್ಡವು ಕೆಲವು, ಸಣ್ಣವು ಬಹಳ. ಹಾಲಪ್ಪ ಅಪ್ಪನನ್ನು ಕೇಳಿದ: "ದೊಡ್ಡವು ಎಲ್ಲಿ ಇಡ್ಲಿರಿ? ಮುಂದಿನ ಅಂಚಿಗಿಟ್ರ ನೋಡಾಕ ಛಂದ."

ಅಪ್ಪ ಅವ್ವನ ಕಡೆ ಕೈ ತೋರಿಸಿದ. "ಅಕಿನ್ನ ಕೇಳು" ಎಂದ.

ಅವ್ವ ಏಣಿ ಹತ್ತಿದಳು. ಇಪ್ಪತ್ತನಾಲ್ಕು ವರ್ಷ ಆ ಮನೆಯಲ್ಲಿದ್ದವಳು ತನ್ನ ಅಡುಗೆಮನೆಯ ಮೇಲೆ ಎಂದೂ ನಿಂತಿರಲಿಲ್ಲ. ಚೌಳು ಹಾಕುವುದು ಗಂಡಸರ ಕೆಲಸ. ಸೀರೆ ಒಂದು ಕೈಯಲ್ಲಿ ಹಿಡಿದು ಸ್ಲ್ಯಾಬಿನ ಮೇಲೆ ನಿಂತು ಸುತ್ತ ನೋಡಿದಳು. ಹೊಗೆಕಿಂಡಿಯ ಹತ್ತಿರ ಹೋಗಿ, ಅಲ್ಲಿಂದ ಮೂರು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಆಮೇಲೆ, ಓಣಿಯವರೆಲ್ಲ ನೋಡುತ್ತಿರುವಾಗಲೇ, ಆ ಬಟಾಬಯಲು ಬಿಸಿಲಿನಲ್ಲಿ, ಒಂದು ಮೊಣಕಾಲು ಎತ್ತಿ, ಇನ್ನೊಂದನ್ನು ಮಡಚಿ, ರೊಟ್ಟಿ ಬಡಿಯುವ ಹಾಗೆ ಕುಳಿತುಬಿಟ್ಟಳು.

"ನಾ ಕುಂದ್ರೋದು ಇಲ್ಲಿ ಹಾಲಪ್ಪ. ದೊಡ್ಡವು ಇಲ್ಲಿಡು."

"ಗುರ್ತು ಸಿಕ್ಕಿತ್ರಿ ಅವ್ವಾರ. ಏಳ್ರಿ, ಬಿಸಿಲೈತಿ."

"ಬಿಸಿಲು ನನಗೇನ್ ಹೊಸಾದಲ್ಲ. ನೀ ಇಡು, ಆಮ್ಯಾಲ ಏಳ್ತೀನಿ."

ಹಾಲಪ್ಪ ಅಪ್ಪನ ಮುಖ ನೋಡಿದ. ಅಪ್ಪ ತಾನೇ ಬಗ್ಗಿ ಒಂದು ದೊಡ್ಡ ಕುಡಿಕೆ ಎತ್ತಿ ಏಣಿಯ ಮೇಲಿಂದ ಅವನ ಕೈಗೆ ಕೊಟ್ಟ. ಆಮೇಲೆ ಇನ್ನೊಂದು. ಅವ್ವನ ಸುತ್ತ ಐದು ಕುಡಿಕೆಗಳು ಬೋರಲಾಗಿ ಕುಳಿತ ಮೇಲೆಯೇ ಅವಳು ಎದ್ದದ್ದು. ಅವಳು ಎದ್ದ ಜಾಗದಲ್ಲಿ ಹಾಲಪ್ಪ ಆರನೆಯದನ್ನು ಇಟ್ಟ.